ರೊಟ್ಟಿಯ ಲಗ್ನಪತ್ರಿಕೆ

ಕಲಬುರಗಿ ಕಡೆಯ ಲಗ್ನಪತ್ರಿಕೆಯಲ್ಲಿ ಮದುವೆಯಾಗುವವರ ಹೆಸರು ಹುಡುಕಲು ಸ್ವಲ್ಪ ಸಹನೆ ಬೇಕು. ಮೊದಲು ದೇವರು, ಆಮೇಲೆ ಮಠದ ಸ್ವಾಮಿಗಳು, ಲಿಂಗೈಕ್ಯರಾದ ಹಿರಿಯರು, ಇನ್ನೂ ಬದುಕಿರುವ ಹಿರಿಯರು, ಅವರ ಅಡತಿ ಅಂಗಡಿಗಳು, ಬೀಗರು, ಬೀಗರ ಬೀಗರು, ಕಟ್ಟಕಡೆಗೆ ‘ನಮ್ಮ ಕಾಕಾನ ಮದುವಿಗಿ ಬರ್ರಿ’ ಎಂದು ಕರೆಯುವ, ಇನ್ನೂ ಹಲ್ಲು ಮೂಡದ ಮಕ್ಕಳು. ಇವರ ನಡುವೆ ಎಲ್ಲೋ ಒಂದು ಗಂಡು, ಒಂದು ಹೆಣ್ಣು ಸಿಕ್ಕಿಕೊಂಡಿರುತ್ತವೆ. ಮದುವೆಯಾಗುವವರು ಇಬ್ಬರೇ ಆದರೂ ಮುನಿಸಿಕೊಳ್ಳುವವರು ಇನ್ನೂರು ಮಂದಿ. ಪತ್ರಿಕೆ ಅಚ್ಚಾಗುವುದು ಅವರಿಗಾಗಿ.

ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿನಲ್ಲಿ ತೊಗರಿ ಅಡತಿ ನಡೆಸುವ ದೌಲಪ್ಪ ಈ ವಿದ್ಯೆಯಲ್ಲಿ ಪಳಗಿದವನು. ಬಳಗದಲ್ಲಿ ಯಾರ ಮನೆಯಲ್ಲಿ ಲಗ್ನವಾದರೂ ಪತ್ರಿಕೆಯ ಕರಡು ಅವನ ಕೈಯಿಂದ ಹಾದು ಹೋಗಬೇಕು. ಯಾರ ಹೆಸರಿನ ಮುಂದೆ ‘ಶರಣ’, ಯಾರ ಮುಂದೆ ಬರೀ ‘ಶ್ರೀ’, ಯಾವ ಸೋದರಮಾವನನ್ನು ಯಾವ ಸೋದರಮಾವನ ಪಕ್ಕ ಕೂಡಿಸಬಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ. ತನ್ನ ತಮ್ಮನ ಹೆಂಡತಿ ವಿದ್ಯಾವತಿ ರೊಟ್ಟಿ ವ್ಯಾಪಾರಕ್ಕೊಂದು ವೆಬ್‌ಸೈಟ್ ಮಾಡಿಸಬೇಕೆಂದು ಹೇಳಿದಾಗ ಅವನಿಗೆ ಅನುಮಾನವೇ ಹುಟ್ಟಲಿಲ್ಲ. ಊರೆಲ್ಲಕ್ಕೂ ಹಂಚುವ ವಸ್ತು ಅಂದಮೇಲೆ ಅದು ಪತ್ರಿಕೆಯೇ.

ವಿದ್ಯಾವತಿ ಇರುವುದು ಕಮಲಾಪುರದಲ್ಲಿ. ಗಂಡ ಅಮರನಾಥ ತೀರಿಕೊಂಡ ಮೇಲೆ ಕೆಲವು ಕಾಲ ಮಂದಿ ಹೇಳಿದಂತೆ ಸುಮ್ಮನೆ ಕೂತಳು. ಅದು ಒಗ್ಗಲಿಲ್ಲ. ಮನೆಯ ಹಿಂದಿನ ದನದ ಕೊಟ್ಟಿಗೆ ತೆರವು ಮಾಡಿಸಿ, ನೆರೆಯ ರೇವಮ್ಮನನ್ನು ಜೊತೆ ಮಾಡಿಕೊಂಡು ರೊಟ್ಟಿ ಬಡಿಯಲು ಕುಳಿತಳು. ಈಗ ಅಲ್ಲಿ ತಗಡಿನ ಶೆಡ್ಡು, ಸಾಲು ಒಲೆ, ಒಲೆಗೊಬ್ಬ ಹೆಂಗಸು. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು. ಶೆಡ್ಡಿಗೆ ಬೋರ್ಡಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಹೋಗುವ ಲಾರಿಯವರು ಇಳಿದು ‘ವಿದ್ಯಕ್ಕನ ರೊಟ್ಟಿ ಎಲ್ಲಿ’ ಎಂದರೆ ಸಣ್ಣ ಹುಡುಗರೂ ಕೈ ತೋರಿಸುತ್ತಾರೆ.

ಹೈದರಾಬಾದಿನ ಅಂಗಡಿ ಸಾಲೊಂದಕ್ಕೆ ಸಾಮಾನು ಕೊಳ್ಳುವ ಖಮರುದ್ದೀನ್ ತೊಗರಿಬೇಳೆಗಾಗಿ ಬಂದವನು ಈ ರೊಟ್ಟಿ ತಿಂದು, ಇನ್ನೊಂದು ಕೇಳಿ ತಿಂದ. ಆಮೇಲೆ ಹೇಳಿದ: “ಆಪಾ, ನಮ್ಮ ಕಂಪನಿಯವರು ಮೊದಲ ವೆಬ್‌ಸೈಟ್ ನೋಡ್ತಾರ. ಒಂದು ಮಾಡಿಸ್ರಿ. ಕಾಯಂ ಆರ್ಡರ್ ನಾ ಮಾಡಿಸ್ತೇನಿ.”

ಹೊಸ ಕೆಲಸಕ್ಕೆ ಕೈಹಾಕುವಾಗ ಹಿರಿಯರಿಗೆ ಒಂದು ಮಾತು ಹೇಳುವುದು ಆ ಮನೆಯ ಪದ್ಧತಿ. ಹೇಳಿದಳು. ದೌಲಪ್ಪ ಅಂದ, “ನೀ ರೊಟ್ಟಿ ನೋಡ್ಕೋ. ಸೈಟ್ ನಾ ನೋಡ್ಕೋತೇನಿ.”

ಸಭೆ ಕಲಬುರಗಿಯ ಬ್ರಹ್ಮಪುರ ಓಣಿಯ ದೌಲಪ್ಪನ ಮನೆಯಲ್ಲಿ ಸೇರಿತು. ಸ್ಟೇಶನ್ ಬಜಾರಿನ ಒಂದು ಲಾಡ್ಜಿನ ಮೇಲಿನ ಕೋಣೆಯಲ್ಲಿ ವೆಬ್‌ಸೈಟ್ ಕೆಲಸ ಮಾಡುವ ಅಫ್ಶೀನ್ ಎಂಬ ಹುಡುಗಿ ಲ್ಯಾಪ್‌ಟಾಪ್ ತೆರೆದು ಕೇಳಿದಳು, “ಅಂಕಲ್, ಮೊದಲನೇ ಪೇಜಿನ್ಯಾಗ ಏನ್ ಬರಬೇಕ್ರಿ?”

ದೌಲಪ್ಪ ಒಳಗೆ ಹೋಗಿ ತನ್ನ ದೊಡ್ಡ ಮಗಳ ಲಗ್ನಪತ್ರಿಕೆ ತಂದು ಅವಳ ಮುಂದಿಟ್ಟ. “ಇದರಂಗ.”

“ಇದು ಶಾದಿ ಕಾರ್ಡ್ ಅದ ಅಂಕಲ್.”

“ಕಾರ್ಡ್ ಅದಂತ ನನಗೂ ಗೊತ್ತದವಾ. ಪದ್ಧತಿ ನೋಡು. ಯಾರು ಮ್ಯಾಲ, ಯಾರು ಕೆಳಗ. ಇದಕ್ಕ ಬಳಗದಾಗ ಒಂದೂ ಮುನಿಸು ಬಂದಿಲ್ಲ.”

“ಆದ್ರ ಮಂದಿ ರೊಟ್ಟಿ ಹುಡಕ್ಕೋತ ಬರ್ತಾರ್ರಿ. ರೊಟ್ಟಿ ಮೊದಲ ಕಾಣಬೇಕು.”

“ಕಾಣ್ತದ, ಎಲ್ಲಿ ಹೋಗ್ತದ? ಉಣ್ಣಾಕ ಕೂಡೋ ಮುಂಚೆ ಕೈಕಾಲು ತೊಳೀಬೇಕೋ ಬ್ಯಾಡೋ?”

ವಿದ್ಯಾವತಿ ಒಳಕೋಣೆಯಲ್ಲಿ ದೌಲಪ್ಪನ ಹೆಂಡತಿ ಕಸ್ತೂರಿಬಾಯಿಯ ಜೊತೆ ಕೂತಿದ್ದಳು. ಹೊಸ್ತಿಲ ತನಕ ಬಂದು ಹೇಳಿದಳು, “ಭಾವಾರ, ನಾವು ಏನೇನು ಮಾಡ್ತೇವಿ, ಮಂದಿ ಅದನ್ನ ಹ್ಯಾಂಗ ತರಿಸ್ಕೋಬೇಕು, ಯಾರಿಗಿ ಫೋನ್ ಮಾಡಬೇಕು. ಇಷ್ಟು ಬಂದ್ರ ಸಾಕ್ರಿ.”

“ಎಲ್ಲಾ ಬರ್ತದ. ನೀ ಚಹಾ ಕಳಸು.”

ಹೊರಗೆ ಹೆಸರುಗಳ ಜೋಡಣೆ ಸುರುವಾಯಿತು. ಒಂದು ಹೆಸರು ಮೇಲೇರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ಒಳಗೆ ಕಸ್ತೂರಿಬಾಯಿ ಚಹಾ ಸೋಸುತ್ತ ನಿಧಾನ ಹೇಳಿದಳು, “ಹೆಸರು ಹಾಕೋದ್ರಾಗ ಅವರಿಗಿ ಮೀರಿಸಿದವರಿಲ್ಲ ನೋಡು. ನನ್ನ ಮಗಳ ಕಾರ್ಡಿನ್ಯಾಗ ನಾನೂ ಇದ್ದೆ. ‘ಸೌ. ಮತ್ತು ಶ್ರೀ ದೌಲಪ್ಪ’ ಅಂತ ಇತ್ತಲ್ಲ, ಅದರಾಗ ಆ ‘ಸೌ’ ನಾನು.”

ಮರುವಾರ ಅಫ್ಶೀನ್ ಕ್ಯಾಮರಾ ತೆಗೆದುಕೊಂಡು ಕಮಲಾಪುರಕ್ಕೆ ಹೋದಳು. ಒಲೆಯ ಸಾಲು, ಬಿಸಿಲಿಗೆ ಒಣ ಹಾಕಿದ ರೊಟ್ಟಿ, ಹಿಂಡಿ ಕುಟ್ಟುವ ಒರಳು, ಎಲ್ಲದರ ಫೋಟೊ ತೆಗೆದಳು. ಆ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು: ಹಿಟ್ಟು ಮುಟ್ಟುವ ಮೊದಲು ಎಲ್ಲರೂ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ ಬಟ್ಟೆಯ ಪಟ್ಟಿ ಸುತ್ತಿಕೊಳ್ಳಬೇಕು. “ರೊಟ್ಟಿನ್ಯಾಗ ಗಾಜಿನ ಚೂರು ಸಿಕ್ಕಿತಂದ್ರ ನಮ್ಮ ಒಲಿ ಆರಿತು” ಎಂದು ವಿದ್ಯಾವತಿ ಹುಡುಗಿಗೆ ವಿವರಿಸಿದಳು. ಅವಳಿಗೆ ಸ್ವತಃ ಸುತ್ತಿಕೊಳ್ಳಲು ಬಳೆ ಇರಲಿಲ್ಲ. ಕೆನ್ನೆಗೆ ಹಿಟ್ಟು ಮೆತ್ತಿಕೊಂಡು ರೇವಮ್ಮನ ಯಾವುದೋ ಮಾತಿಗೆ ಅವಳು ನಗುತ್ತಿದ್ದಾಗ ಅಫ್ಶೀನ್ ಒಂದು ಫೋಟೊ ತೆಗೆದು, “ಆಂಟಿ, ಇದೇ ಮೊದಲನೇ ಫೋಟೊ” ಎಂದಳು.

ಉದ್ಘಾಟನೆ ಬ್ರಹ್ಮಪುರದ ಮನೆಯಲ್ಲೇ ಆಯಿತು. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಐವರು ಮುತ್ತೈದೆಯರು ದೀಪ ಬೆಳಗಿ, ಮಠದ ಸ್ವಾಮಿಗಳು ತೋರುಬೆರಳಿನಿಂದ ಗುಂಡಿ ಒತ್ತಿದರು. ವಿದ್ಯಾವತಿಗೆ ‘ಬಂದು ಹೋಗು’ ಎಂದು ಹೇಳಿದ್ದರು. ಆದರೆ ಅದೇ ಕಾರ್ಯಕ್ರಮದ ಊಟಕ್ಕೆ ರೊಟ್ಟಿಯನ್ನೂ ಹೇಳಿದ್ದರು. ಆಕೆ ರೊಟ್ಟಿ ಕಳಿಸಿದಳು, ತಾನು ಕಮಲಾಪುರದಲ್ಲೇ ಉಳಿದಳು. ಶೆಡ್ಡಿನ ಹೆಂಗಸರೆಲ್ಲ ಕೈ ತೊಳೆದು ಸುತ್ತ ನಿಂತರು. ರೇವಮ್ಮನ ಫೋನಿನಲ್ಲಿ ಸೈಟ್ ತೆರೆಯಿತು.

ಮೊದಲು ದೇವರು. ವಿದ್ಯಾವತಿ ಫೋನಿಗೇ ನಮಸ್ಕಾರ ಮಾಡಿದಳು. ಆಮೇಲೆ ಸ್ವಾಮಿಗಳು, ಮತ್ತೊಂದು ನಮಸ್ಕಾರ. ಆಮೇಲೆ ಕಾಯಕವೇ ದೊಡ್ಡದು ಎಂದು ಸಾರುವ ಒಂದು ವಚನ. ಅದರ ಕೆಳಗೆ ಮಾಲೆ ಹಾಕಿದ ಫೋಟೊ: ‘ಸಂಸ್ಥಾಪಕರು, ಲಿಂ. ಶ್ರೀ ಅಮರನಾಥ’.

ಅಮರನಾಥ ಒಳ್ಳೆಯ ಮನುಷ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಜೋಳದ ರೊಟ್ಟಿ ಸೇರುತ್ತಿರಲಿಲ್ಲ, ಅವನು ಚಪಾತಿಯ ಗಿರಾಕಿ. ಅಲ್ಲದೆ ಸಂಸ್ಥೆ ಹುಟ್ಟುವ ಮೊದಲೇ ಸಂಸ್ಥಾಪಕರು ಲಿಂಗೈಕ್ಯರಾದ ಉದಾಹರಣೆ ವ್ಯಾಪಾರದ ಚರಿತ್ರೆಯಲ್ಲಿ ಬೇರೆ ಇರಲಾರದು.

“ಕೆಳಗ ಎಳಿ ರೇವಮ್ಮಾ” ಎಂದಳು ಒಬ್ಬಳು.

ಕೆಳಗೆ ‘ಮಾಲೀಕರು: ದೌಲಪ್ಪ ಆ್ಯಂಡ್ ಬ್ರದರ್ಸ್, ನೆಹರು ಗಂಜ್’. ಅದರ ಮುಂದೆ ದೌಲಪ್ಪನ ಫೋನ್ ನಂಬರು. ಆಮೇಲೆ ‘ಹಿತೈಷಿಗಳು’. ಬೀಗರು, ಷಡ್ಡಕರು, ಗಂಜಿನ ನೆರೆಯ ಅಂಗಡಿಯ ಮಹಾದೇವಪ್ಪ, ಹೀಗೆ ಬೆರಳು ನೋಯುವಷ್ಟು.

“ಇನ್ನ ಕೆಳಗ ಎಳಿ. ಊಟದ ವ್ಯಾಳ್ಯಾ ಯಾವಾಗಂತ ಬರದಾರೇನು ನೋಡು.”

“ಆಶೀರ್ವಾದವೇ ಉಡುಗೊರೆ ಅಂತ ಬರದಿರಬೇಕು” ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಕೊನೆಗೆ ರೊಟ್ಟಿ ಬಂತು. ಒಳ್ಳೆಯ ಫೋಟೊ. ಎರಡು ಕೈಗಳು ರೊಟ್ಟಿ ಬಡಿಯುತ್ತಿವೆ, ಮುಖ ಕತ್ತರಿಸಿದೆ. ಹೆಬ್ಬೆರಳ ಬುಡದಲ್ಲಿ ಹಂಚು ತಾಕಿ ಸುಟ್ಟ ಹಳೆಯ ಕಲೆ ಇತ್ತು. ಅದು ಯಾರದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಆ ಕೈಗಳಲ್ಲಿ ಮಣಿಕಟ್ಟು ತುಂಬ ಹಸಿರು ಗಾಜಿನ ಬಳೆಗಳಿದ್ದವು.

ನಗು ನಿಂತಿತು. ರೇವಮ್ಮ ಫೋನನ್ನು ಕಣ್ಣ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. “ಇವು ನಿಮ್ಮ ಕೈ ಅಲ್ಲೇನ್ರಿ ಅಕ್ಕಾ?”

“ಕೈ ನನ್ನವೇ” ಎಂದಳು ವಿದ್ಯಾವತಿ. “ಬಳಿ ಯಾರವೋ ಕೇಳ್ತೇನಿ.”

ದೌಲಪ್ಪ ಫೋನ್ ಎತ್ತಿದಾಗ ಹಿಂದೆ ಊಟದ ಗದ್ದಲ ಕೇಳುತ್ತಿತ್ತು. “ಹಾಂ, ನೋಡಿದ್ಯಾ? ಸ್ವಾಮಿಗಳು ಭಾಳ ಖುಷಿ ಪಟ್ರು.”

“ನೋಡ್ದೆ. ನನ್ನ ಹೆಸರು ಎಲ್ಲದ್ರಿ ಭಾವಾರ?”

“ಅಮರನಾಥನ ಹೆಸರು ಅದಲ್ಲ. ಫೋಟೊನೂ ಅದ, ಮಾಲಿ ಸಹಿತ.”

“ಅವರು ರೊಟ್ಟಿ ಬಡದಿಲ್ರಿ.”

“ಹಂಗಲ್ಲವಾ. ಶುಭದ ಕೆಲಸ. ನಿನ್ನ ಹೆಸರು… ನಿನಗ ತಿಳೀತದ. ಯಾವ ಕಾರ್ಡಿನ್ಯಾಗರ ಹಾಕ್ತಾರೇನು ಹೇಳು? ನಾ ಏನ್ ಹೊಸಾದು ಮಾಡಿಲ್ಲ, ನಡಕೊಂಡು ಬಂದದ್ದು ಮಾಡೇನಿ.”

ಅದು ಸುಳ್ಳಲ್ಲ. ಗಂಡ ಸತ್ತರೆ ಅವನ ಹೆಸರಿನ ಮುಂದೆ ‘ಲಿಂ.’ ಸೇರಿ ಪತ್ರಿಕೆಯಲ್ಲಿ ಅವನು ಇನ್ನಷ್ಟು ಮೇಲಕ್ಕೇರುತ್ತಾನೆ. ಬದುಕಿರುವ ಹೆಂಡತಿ ಪತ್ರಿಕೆಯಿಂದ ಇಳಿದು ಹೋಗುತ್ತಾಳೆ. ಬಳಗದ ಅದೆಷ್ಟೋ ಕಾರ್ಡುಗಳಲ್ಲಿ ವಿದ್ಯಾವತಿ ಇದನ್ನು ನೋಡಿದ್ದಳು, ನೋಡಿ ಸುಮ್ಮನಿದ್ದಳು. ಅವು ಬೇರೆಯವರ ಮದುವೆಗಳಾಗಿದ್ದವು.

“ಕೈಗಿ ಬಳಿ ಯಾಕ ಹಾಕ್ಸೀರಿ?”

“ಬರಿಗೈ ಕಾಣ್ತಿದ್ದು. ಅನ್ನದ ವ್ಯಾಪಾರಕ್ಕ ಅದು ಛಂದ ಕಾಣಂಗಿಲ್ಲ.”

“ಆ ಬರಿಗೈ ರೊಟ್ಟಿನೇ ನೀವೀಗ ಉಣ್ಣಾಕತ್ತೀರಿ. ಬಳಿ ತೆಗಸ್ರಿ. ನನ್ನ ಹೆಸರು ಹಾಕ್ಸ್ರಿ.”

“ಈಗ ಹ್ಯಾಂಗ ಬರ್ತದ?” ದೌಲಪ್ಪನ ದನಿಯಲ್ಲಿ ನಿಜವಾದ ವಿಷಾದವಿದ್ದಂತೆ ಕೇಳಿಸಿತು. “ಅಚ್ಚಾಗಿ ಹೋಗ್ಯಾದವಾ. ಎಲ್ಲಾ ಕಡಿ ಹಂಚೂದೂ ಆಗ್ಯಾದ.”

ವಿದ್ಯಾವತಿ ನಂಬಿದಳು. ಅಚ್ಚಾದ ಕಾರ್ಡಿನಲ್ಲಿ ಬಿಟ್ಟುಹೋದ ಹೆಸರಿಗೆ ಏನೂ ಮಾಡಲು ಬರುವುದಿಲ್ಲ ಎಂಬುದು ಅವಳೇ ಕಂಡ ಸಂಗತಿ. ಅವಳಿಗೆ ಬಂದ ಸಿಟ್ಟು ಆ ದಿನ ಹಿಟ್ಟಿನ ಮೇಲೆ ಇಳಿಯಿತು. ರೊಟ್ಟಿಗಳು ಎಂದಿಗಿಂತ ತೆಳ್ಳಗಾದವು ಎಂದು ರೇವಮ್ಮ ಆಮೇಲೆ ಹೇಳುತ್ತಿದ್ದಳು.

ಬ್ರಹ್ಮಪುರದಲ್ಲಿ ಮಾತ್ರ ಬೇರೊಂದು ಸಂಕಟ ಎದ್ದಿತ್ತು. ದೌಲಪ್ಪನ ಮಗಳ ಮಾವ ಚಂದ್ರಶಾ ಸೈಟನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ ಏಕೈಕ ಮನುಷ್ಯ. ಹಿತೈಷಿಗಳ ಸಾಲಿನಲ್ಲಿ ತನ್ನ ಹೆಸರು ಗಂಜಿನ ಮಹಾದೇವಪ್ಪನ ಕೆಳಗಿರುವುದನ್ನು ಕಂಡ. ಊಟದಲ್ಲಿ ಹೋಳಿಗೆ ಬೇಡವೆಂದ, ಎಲೆ ಅಡಿಕೆ ಬೇಡವೆಂದ, ಆಟೊ ತರಿಸಿಕೊಂಡು ಹೋದ. ಬೀಗ ಹೋಳಿಗೆ ಬೇಡವೆಂದನೆಂದರೆ ಬಳಗದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಮರುದಿನ ಶೆಡ್ಡಿನಲ್ಲಿ ರೇವಮ್ಮ ಫೋನ್ ಹಿಡಿದುಕೊಂಡು ಬಂದಳು. “ಅಕ್ಕಾ, ನಿನ್ನೆ ಇಲ್ಲಿ ಮಹಾದೇವಪ್ಪ ಮ್ಯಾಲ ಇದ್ದನಲ್ಲ? ಇವತ್ತ ಚಂದ್ರಶಾ ಮ್ಯಾಲ ಕೂತಾನ. ಹೆಸರಿನ ಮುಂದ ‘ಶರಣ’ನೂ ಬಂದದ.”

ವಿದ್ಯಾವತಿ ಫೋನ್ ಇಸಿದುಕೊಂಡು ನೋಡಿದಳು. ನೋಡುತ್ತಲೇ ನಿಂತಳು. ಒಂದು ಹೋಳಿಗೆಯ ಮುನಿಸಿಗೆ ಅಚ್ಚು ತಾನೇ ಸರಿದು ದಾರಿ ಮಾಡಿಕೊಟ್ಟಿತ್ತು.

ಅದೇ ಹೊತ್ತಿಗೆ ಖಮರುದ್ದೀನನ ಫೋನ್ ಬಂತು. ಅವನು ಸಂತೋಷದಲ್ಲಿದ್ದ. “ಆಪಾ, ಸೈಟ್ ಕಂಪನಿಯವರಿಗಿ ಕಳಸೇನಿ. ಮಾಲೀಕರ ನಂಬರ್ ಸಿಕ್ಕದ. ಇನ್ನ ಎಲ್ಲಾ ಮಾತು ಅವರ ಜೋಡಿನೇ ಮಾಡಿ ಮುಗಿಸ್ತೇನಿ. ನಿಮಗ ತಕಲೀಫ್ ಕೊಡಂಗಿಲ್ಲ.”

“ಯಾವ ಮಾಲೀಕರ ಜೋಡಿ?”

“ದೌಲಪ್ಪ ಸೇಠ್ ಅಂತ ಅದಲ್ಲ. ಇಲ್ಲಾಂದ್ರ ಆ ಸಂಸ್ಥಾಪಕರು ಅಂತ—”

“ಸಂಸ್ಥಾಪಕರ ಜೋಡಿ ಮಾತಾಡಬೇಕಂದ್ರ ನೀವೇ ಮ್ಯಾಲ ಹೋಗಬೇಕಾಗ್ತದ ಸಾಹೇಬ್ರ” ಎಂದಳು ವಿದ್ಯಾವತಿ. “ಎರಡು ದಿನ ತಡೀರಿ. ಯಾರ ಜೋಡಿನೂ ಮಾತಾಡಬ್ಯಾಡ್ರಿ.”

ಹಿಟ್ಟಿನ ಕೈ ತೊಳೆದು, ಸೀರೆಯನ್ನೂ ಬದಲಿಸದೆ, ಕಲಬುರಗಿಯ ಬಸ್ಸು ಹತ್ತಿದಳು.

ಸ್ಟೇಶನ್ ಬಜಾರಿನ ಆ ಲಾಡ್ಜಿನ ಮೆಟ್ಟಿಲ ಬಳಿ ಹಮಾಲರು ಅವಳಿಗೆ ದಾರಿ ಬಿಟ್ಟರು, ಮುಖ ಹಾಗಿತ್ತು. ಅಫ್ಶೀನ್ ಎದ್ದು ಕುರ್ಚಿ ಎಳೆದಳು. ವಿದ್ಯಾವತಿ ಕೂಡಲಿಲ್ಲ.

“ತಂಗಿ, ಆ ಸೈಟಿನ್ಯಾಗ ಬರದದ್ದು ತಿದ್ದಾಕ ಬರ್ತದೇನು?”

“ಬರ್ತದ್ರಿ ಆಂಟಿ. ಯಾವಾಗ ಬೇಕಾದ್ರೂ. ನೀವು ಚಹಾ ಕುಡಿಯೋದ್ರಾಗ ಆಗ್ತದ.”

“ನಮ್ಮ ಭಾವನೋರಿಗಿ ಇದು ಗೊತ್ತದ?”

“ಹೌ ರೀ. ಮೊದಲನೇ ದಿನಾನೇ ಹೇಳೇನಿ. ನಿನ್ನೆ ಬೀಗರ ಹೆಸರು ಮ್ಯಾಲ ಮಾಡಾಕ ಮೂರು ಸಲ ಫೋನ್ ಮಾಡಿದ್ರು.”

ವಿದ್ಯಾವತಿ ಆಗ ಕೂತಳು. ಕೂತು ಕೇಳಿದಳು, “ಬಳಿ ಹಾಕಿದವಳು ನೀನೇ?”

ಹುಡುಗಿ ತಲೆ ತಗ್ಗಿಸಿದಳು. “ನಾನೇ ರೀ. ಅಂಕಲ್ ಹೇಳಿದ್ರು.”

“ನನ್ನ ಶೆಡ್ಡಿನ್ಯಾಗ ನಿಂತು ನೋಡಿ ಹೋದಾಕಿ ನೀನು. ಗಾಜಿನ ಬಳಿ ಕೈಯಾಗ ಇಟ್ಕೊಂಡು ಹಿಟ್ಟು ಮುಟ್ಟಿದವರು ಅಲ್ಲಿ ಯಾರಿದ್ರು? ನನಗೊಂದು ಫೋನ್ ಮಾಡಬೇಕನಿಸಲಿಲ್ಲ?”

“ಅಂಕಲ್ ನಿಮಗ ಕೇಳೇನಿ ಅಂದ್ರು ಆಂಟಿ. ನೀವೇ ಹೂಂ ಅಂದೀರಿ ಅಂದ್ರು.”

ವಿದ್ಯಾವತಿ ಮೇಜಿನ ಮೇಲಿದ್ದ ಫೋನನ್ನು ಹುಡುಗಿಯ ಕಡೆ ಸರಿಸಿದಳು.

“ಫೋನ್ ಹಚ್ಚು. ಇಲ್ಲೇ ಬರ್ಲಿ.”

ದೌಲಪ್ಪ ಗಂಜಿನಿಂದ ಹಾಗೇ ಬಂದ, ಹೆಗಲ ಮೇಲಿನ ಟವೆಲ್ಲಿನಲ್ಲಿ ತೊಗರಿಯ ಧೂಳಿತ್ತು. ತಮ್ಮನ ಹೆಂಡತಿಯನ್ನು ಕಂಡು ಮೊದಲು ಅಫ್ಶೀನಳ ಕಡೆ, ಆಮೇಲೆ ಬಾಗಿಲ ಕಡೆ ನೋಡಿದ. “ಇದೆಲ್ಲಾ ಮನ್ಯಾಗ ಮಾತಾಡೂಣು ನಡಿಯವಾ.”

“ಮನ್ಯಾಗ ಮಾತಾಡಿದ್ದೇ ಇಲ್ಲಿ ಬಂದು ಕೂತದ್ರಿ. ಅಚ್ಚಾಗ್ಯಾದ, ತಿದ್ದಾಕ ಬರಂಗಿಲ್ಲ ಅಂದ್ರಲ್ಲ. ಚಂದ್ರಶಾ ಬೀಗರಿಗಿ ಹ್ಯಾಂಗ ಬಂತು?”

“ಅವರು ಬೀಗರು.”

ಈ ಉತ್ತರದಲ್ಲಿ ಎಲ್ಲವೂ ಇದೆ ಎಂಬಂತಿತ್ತು ಅವನ ದನಿ. ಅವನ ಲೆಕ್ಕದಲ್ಲಿ ಎಲ್ಲವೂ ಇತ್ತು ಕೂಡ.

“ನಾ ಹೂಂ ಅಂದೇನಿ ಅಂತ ಈ ಹುಡುಗಿಗಿ ಹೇಳೀರಿ.”

“ಅನ್ನಾಕಿನೇ ಇದ್ದಿ ಅಂದ್ಕೊಂಡೆ. ಎಂದರ ಇಲ್ಲ ಅಂದೀಯೇನು ನೀ?” ಇದನ್ನು ದೌಲಪ್ಪ ಹೊಗಳಿಕೆಯಾಗಿಯೇ ಹೇಳಿದ. ಆಮೇಲೆ ಹಳೆಯ ಅನುಭವಿಯ ದನಿಯಲ್ಲಿ ಒಪ್ಪಂದಕ್ಕೆ ಇಳಿದ. “ಆಯ್ತು. ಕಟ್ಟಕಡೀಗಿ ಒಂದು ಸಾಲು ಹಾಕೂಣು. ‘ಸಹಕಾರ: ವಿದ್ಯಾವತಿ’. ಎಲ್ಲಾರಿಗೂ ಸಮಾಧಾನ.”

“ಯಾರು ಯಾರಿಗಿ ಸಹಕಾರ ಕೊಟ್ಟಾರ್ರಿ?”

“ನೋಡವಾ, ಮಂದಿ ಏನಂತಾರ? ಅಣ್ಣ ಇದ್ದೂ ತಮ್ಮನ ಹೆಂಡ್ತಿ ಹೆಸರು ಮುಂದ ಮಾಡಿ ಕೂತಾನ, ಅಣ್ಣಗ ಏನಾಗ್ಯಾದ ಅಂತಾರ.”

“ಈಗ ಇದ್ದದ್ದು ನೋಡಿದವರು ಏನಂತಾರ? ತಮ್ಮನ ಜೋಡಿ ಹೆಂಡ್ತಿನೂ ಸತ್ತಾಳ ಅಂತಾರ. ಅದು ನಡೀತದ?”

ದೌಲಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. “ನಾ ನಿಮ್ಮ ಒಳ್ಳೇದಕ್ಕ ಮಾಡೇನಿ. ಕೈಲೆ ಖರ್ಚು ಮಾಡಿ ಮಾಡೇನಿ. ಮ್ಯಾಲ ನಿನ್ನ ಹೆಸರು ಹಾಕಾಕ ಬರಂಗಿಲ್ಲ. ಅದು ಒಂದು ಬಿಟ್ಟು ಮಾತಾಡು.”

“ನಾ ಮಾತಾಡಾಕ ಬಂದದ್ದೇ ಅದು ಒಂದು” ಎಂದಳು ವಿದ್ಯಾವತಿ. “ಬ್ಯಾಡ ಅಂದ್ರ ಬ್ಯಾಡ ಬಿಡ್ರಿ, ಸೈಟ್ ನಿಮ್ಮದು. ಆದ್ರ ನನ್ನ ಹೆಸರು ಇಲ್ಲದಲ್ಲಿ ನನ್ನ ರೊಟ್ಟಿನೂ ಇರಂಗಿಲ್ಲ. ತೆಗಿ ತಂಗಿ.”

ಅಫ್ಶೀನ್ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. ಆಮೇಲೆ, “ಅಂಕಲ್, ಫೋಟೊ ಅವರ ಶೆಡ್ಡಿನವು, ಕೈ ಅವರವು. ಅವರು ಬ್ಯಾಡ ಅಂದಮ್ಯಾಲ ನಾ ಇಡಾಕ ಬರಂಗಿಲ್ರಿ” ಎಂದಳು. ಆ ಕೋಣೆಯಲ್ಲಿ ಅವಳು ಆ ದಿನ ಗಳಿಸಿದ ಮಾನ ಇದೊಂದು ಮಾತಿನಿಂದ.

“ತೆಗಿ, ತೆಗಿ” ಎಂದ ದೌಲಪ್ಪ. “ನೋಡೂಣು.” ಊರಿಗೆ ಹೋಗುವ ಬಸ್ಸು ಹತ್ತುವ ಮೊದಲು ಇವಳು ತಣ್ಣಗಾಗುತ್ತಾಳೆ ಎಂಬ ನಂಬಿಕೆ ಅವನಿಗೆ.

ಬಳೆ ತೊಟ್ಟ ಕೈಗಳು ಮೊದಲು ಹೋದವು. ಸಜ್ಜಿ ರೊಟ್ಟಿ ಹೋಯಿತು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಒರಳು, ಒಲೆಯ ಸಾಲು ಹೋದವು. ಒಂದೊಂದು ಹೋದಾಗಲೂ ಹೆಸರುಗಳ ಕೆಳಗಿನ ಪುಟ ಸ್ವಲ್ಪ ಸ್ವಲ್ಪ ಮೋಟಾಯಿತು. ಕೊನೆಗೆ ಪರದೆಯ ಮೇಲೆ ಉಳಿದದ್ದು ದೇವರು, ಗುರುಗಳು, ಕಾಯಕದ ವಚನ, ಮಾಲೆಯ ಫೋಟೊ, ಮಾಲೀಕರು, ಮತ್ತು ಶರಣ ಚಂದ್ರಶಾ ಅವರನ್ನು ಮುಂದಿಟ್ಟುಕೊಂಡ ಹಿತೈಷಿಗಳ ದಂಡು. ಏನು ಮಾರುತ್ತಾರೆ ಎಂಬುದೊಂದನ್ನು ಬಿಟ್ಟು ಎಲ್ಲವೂ ಅಲ್ಲಿತ್ತು.

“ಇನ್ನ ಮುನಿಸು ಬರಂಗಿಲ್ಲ ನೋಡ್ರಿ” ಎಂದು ವಿದ್ಯಾವತಿ ಎದ್ದಳು.

ದೌಲಪ್ಪ ಅಂಜಿಕೊಂಡಿದ್ದು ಬಳಗಕ್ಕೆ. ರೊಟ್ಟಿ ಹೋದದ್ದನ್ನು ಯಾರಾದರೂ ಕೇಳಿದರೆ ಏನು ಹೇಳುವುದೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದಿರಬೇಕು. ಆ ಯೋಚನೆ ವ್ಯರ್ಥವಾಯಿತು. ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಅಭಿನಂದನೆಗಳು ನಿಲ್ಲದೆ ಬಂದವು. ‘ಅತ್ಯುತ್ತಮ ಸೈಟ್’, ‘ಮನೆತನಕ್ಕೆ ಕೀರ್ತಿ’, ಜೋಡಿಸಿದ ಕೈಗಳು, ಹೂಗುಚ್ಛಗಳು. ರೊಟ್ಟಿ ಇಲ್ಲದ್ದನ್ನು ಒಬ್ಬನೂ ಗಮನಿಸಲಿಲ್ಲ. ಎಲ್ಲರೂ ತಮ್ಮ ಹೆಸರಿನ ತನಕ ಓದಿ ನಿಲ್ಲಿಸಿದ್ದರು.

ಈ ಸಂಗತಿ ಕಸ್ತೂರಿಬಾಯಿಯಿಂದ ಕಮಲಾಪುರಕ್ಕೆ ತಲುಪಿದಾಗ ವಿದ್ಯಾವತಿಗೆ ಅಲ್ಲಿಯ ತನಕ ಬರದಿದ್ದಂಥ ಸಿಟ್ಟು ಬಂತು. ಹೆಸರು ಬಿಟ್ಟದ್ದಕ್ಕೆ ಒಂದು ಕಾರಣವಾದರೂ ಇತ್ತು, ಕೆಟ್ಟದ್ದೋ ಒಳ್ಳೆಯದೋ. ರೊಟ್ಟಿಯನ್ನು ಮರೆಯಲು ಇವರಿಗೆ ಕಾರಣವೂ ಬೇಕಾಗಲಿಲ್ಲ. “ಎಲ್ಲಾರೂ ನನ್ನ ರೊಟ್ಟಿ ಉಂಡವರೇ ಅಲ್ಲೇನಕ್ಕಾ” ಎಂದಳು ಫೋನಿನಲ್ಲಿ. ಕಸ್ತೂರಿಬಾಯಿ, “ಉಣ್ಣೂ ಮುಂದ ಯಾರು ಮಾಡಿದ್ದಂತ ಕೇಳಿದವರು ಯಾರವಾ ನಮ್ಮ ಪೈಕಿ” ಎಂದು ಫೋನಿಟ್ಟಳು.

ಅಫ್ಶೀನ್ ಇನ್ನೊಂದು ಸೈಟ್ ಕಟ್ಟಿದಳು. ಇದರ ಯೋಜನೆ ಶೆಡ್ಡಿನಲ್ಲೇ ಆಯಿತು. ಮೇಲೆ ಹಿಟ್ಟು ಮೆತ್ತಿದ ನಗುಮುಖದ ಫೋಟೊ. ಕೆಳಗೆ ‘ಮಾಲೀಕರು: ವಿದ್ಯಾವತಿ’. ಆಮೇಲೆ ಏನೇನು ಸಿಗುತ್ತದೆ, ಹೇಗೆ ತರಿಸಿಕೊಳ್ಳಬೇಕು. ಅಷ್ಟೆ ಎಂದು ವಿದ್ಯಾವತಿ ಕೈ ಝಾಡಿಸುವಾಗ ರೇವಮ್ಮ ಒಲೆಯ ಮುಂದಿನಿಂದಲೇ ಕೇಳಿದಳು, “ನಮ್ಮವು?”

“ಏನ್ ನಿಮ್ಮವು?”

“ಹೆಸರು.”

ವಿದ್ಯಾವತಿ ಒಲೆಯ ಸಾಲನ್ನು ಒಮ್ಮೆ ನೋಡಿದಳು. ಹಾಕೋಣ ಎಂದಳು. ಹಾಕೋಣ ಎಂದದ್ದೇ ತಡ, ಯಾರದು ಮೊದಲು ಎಂಬ ಜಗಳ ಹತ್ತಿತು. ಹಿಟ್ಟು ನಾದಿಟ್ಟಲ್ಲೇ ಬಿರಿಯಿತು. ಕಡೆಗೆ ಒಲೆಯ ಸಾಲಿನಲ್ಲಿ ಯಾರು ಎಲ್ಲಿ ಕೂಡುತ್ತಾರೋ ಅದೇ ಕ್ರಮ ಎಂದಾಯಿತು. ಹೊಗೆ ಹೆಚ್ಚು ತಾಕುವ ಮೊದಲ ಒಲೆಯನ್ನು ಯಾವಾಗಲೂ ಬೇಡವೆನ್ನುತ್ತಿದ್ದವಳು ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಅಲ್ಲೇ ಕೂತಿದ್ದಳು.

ಖಮರುದ್ದೀನ್ ಹೊಸ ಸೈಟ್ ನೋಡಿ, “ಆಪಾ, ಈ ಫೋಟೊದಾಗ ಇದ್ದವರ ಜೋಡಿ ಮಾತಾಡಬಹುದಲ್ಲ?” ಎಂದು ಕೇಳಿ, ಆರ್ಡರ್ ಕೊಟ್ಟ.

ಒಂದು ವಿಷಯದಲ್ಲಿ ಮಾತ್ರ ವಿದ್ಯಾವತಿ ಹಟ ಹಿಡಿದಳು. ಸೈಟಿನ ಕೆಳಗೆ ಒಂದು ಹಸಿರು ಗುಂಡಿ ಇತ್ತು. ಒತ್ತಿದರೆ ವಾಟ್ಸ್ಯಾಪ್ ತೆರೆದು, ಗಿರಾಕಿಯ ಪರವಾಗಿ ಒಂದು ಸಾಲು ತಾನೇ ಬರೆದು ನಿಲ್ಲುತ್ತಿತ್ತು, ಕಳಿಸುವುದಷ್ಟೇ ಬಾಕಿ. ಆ ಸಾಲು ಹೇಗಿರಬೇಕೆಂದು ಅವಳೇ ಹೇಳಿ ಬರೆಸಿದ್ದಳು: ‘ಮಾಲೀಕರಾದ ವಿದ್ಯಾವತಿಯವರಿಗೆ, ನಮಗೆ ರೊಟ್ಟಿ ಬೇಕಾಗಿದೆ.’ ಉದ್ದವಾಯಿತು ಎಂದು ಅಫ್ಶೀನ್ ಹೇಳಿ ನೋಡಿದಳು. ಇರಲಿ ಎಂದಳು ವಿದ್ಯಾವತಿ.

ಬ್ರಹ್ಮಪುರದಲ್ಲಿ ದೌಲಪ್ಪನ ಮೊಮ್ಮಗನ ಜವಳ ಬಂತು. ಬಳಗ ಕೂಡಬೇಕು, ಊಟಕ್ಕೆ ರೊಟ್ಟಿ ಬೇಕು. ಸ್ಟೇಶನ್ ಬಜಾರಿನಿಂದ ತರಿಸೋಣ ಎಂದ ದೌಲಪ್ಪ. ಕಸ್ತೂರಿಬಾಯಿ, “ಚಂದ್ರಶಾ ಬೀಗರು ಆ ರೊಟ್ಟಿ ಮುಟ್ಟಂಗಿಲ್ಲ, ವಿದ್ಯಾವತಿದೇ ಬೇಕಂತಾರ” ಎಂದಳು. ಅದು ನಿಜವೋ, ಅವಳು ಹುಟ್ಟಿಸಿದ್ದೋ ಗೊತ್ತಿಲ್ಲ. ಫೋನ್ ಮಾಡಲು ದೌಲಪ್ಪನಿಗೆ ಮುಖವಿರಲಿಲ್ಲ. ಗುಂಡಿ ಒತ್ತಿದ.

ಕಮಲಾಪುರದ ಶೆಡ್ಡಿನಲ್ಲಿ ಫೋನ್ ಸದ್ದು ಮಾಡಿತು. ವಿದ್ಯಾವತಿ ನೋಡಿದಳು. ದೌಲಪ್ಪನ ನಂಬರಿನಿಂದ ಬಂದ ಸಾಲು ಇಷ್ಟೇ ಇತ್ತು: ‘ನಮಗೆ ರೊಟ್ಟಿ ಬೇಕಾಗಿದೆ.’

ಒಂದೇ ಬೆರಳಿನಿಂದ ಫೋನ್ ಒತ್ತುವ ಮನುಷ್ಯ ಅವನು. ತಾನೇ ಬಂದು ನಿಂತ ಸಾಲಿನಿಂದ ಅಷ್ಟು ಅಕ್ಷರಗಳನ್ನು ಒಂದೊಂದಾಗಿ ಅಳಿಸಲು ಅವನು ತುಂಬ ಕಷ್ಟಪಟ್ಟಿರಬೇಕು.

“ಏನಂತ್ರಿ?” ಎಂದಳು ರೇವಮ್ಮ.

“ರೊಟ್ಟಿ ಬೇಕಂತ.”

“ಹೂಂ ಅನ್ರಿ ಮತ್ತ.”

ವಿದ್ಯಾವತಿ ಕೈ ಒರೆಸಿಕೊಂಡು ಬರೆದಳು: ‘ಯಾರಿಗೆ ಬರೆದೀರಿ?’

ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಮಗುಚಿಟ್ಟು ಮತ್ತೆ ಬಡಿಯಲು ಕೂತಳು. ಹಂಚಿನ ಮೇಲಿನದು ಬೆಂದು, ಅದರ ನಂತರದ್ದೂ ಬೆಂದಿತು. ಫೋನ್ ಸುಮ್ಮನಿತ್ತು. ಮಧ್ಯಾಹ್ನದ ರೊಟ್ಟಿ ಒಣ ಹಾಕಿ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಅದು ಮತ್ತೆ ಸದ್ದು ಮಾಡಿತು. ಈ ಸಲ ಸಾಲು ಪೂರ್ತಿ ಇತ್ತು. ಜೊತೆಗೆ ಬೇರೇನೂ ಇರಲಿಲ್ಲ, ನಮಸ್ಕಾರವೂ ಇಲ್ಲ, ಹೂಗುಚ್ಛವೂ ಇಲ್ಲ.

ವಿದ್ಯಾವತಿ ಅದನ್ನು ಓದಿ ರೇವಮ್ಮನಿಗೆ ಹೇಳಿದಳು, “ಬ್ರಹ್ಮಪುರದ್ದು ಒಂದು ಆರ್ಡರ್ ಅದ. ಹೈದರಾಬಾದಿಂದು ಮುಗೀಲಿ. ಆಮ್ಯಾಲ ಎಲ್ಲಾರಂಗ ಅದನೂ ಸಾಲಿನ್ಯಾಗ ಹಚ್ಚು.”